ಜೆಂಟೂನಲ್ಲಿ /ಯುಎಸ್‌ಆರ್ ವಿಲೀನ: ವಾದದಿಂದ ನನ್ನ ಮೆಷಿನ್‌ವರೆಗೆ

ಲಿನಕ್ಸ್‌ನಲ್ಲಿ ಕಮಾಂಡ್‌ಗಳು, ಲೈಬ್ರರಿಗಳು ಇರುವ /ಬಿನ್, /ಎಸ್‌ಬಿನ್, /ಲಿಬ್ ಡೈರೆಕ್ಟರಿಗಳನ್ನೆಲ್ಲ /ಯುಎಸ್‌ಆರ್ ಡೈರೆಕ್ಟರಿ ಒಳಗೆ ಸೇರಿಸಬೇಕಾ ಬೇಡ್ವಾ ಅನ್ನುವ ಚರ್ಚೆಯಲ್ಲಿ ನಾನೂ ತುಂಬಾ ಕಾಲ ಇದ್ದೆ. ಫೆಡೋರಾ ಅನ್ನುವ ಲಿನಕ್ಸ್ ಡಿಸ್ಟ್ರೋ 2012ರಲ್ಲೇ ಇದನ್ನು ಮುಗಿಸಿತ್ತು. ನಾನು ಬಳಸುವ ಜೆಂಟೂ ಡಿಸ್ಟ್ರೋಗೆ ಯಾಕಿಷ್ಟು ತಡ ಅಂತ ಹೊರಗಿನವರು ಕೇಳುತ್ತಾರೆ. ಇಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಯೂಸ್ ಫ್ಲ್ಯಾಗ್ (ಪ್ಯಾಕೇಜ್‌ನ ಯಾವ ಸೌಲಭ್ಯ ಬೇಕು ಅನ್ನುವ ಆಯ್ಕೆ), ಬೇಕಾದ ಇನಿಟ್ (ಬೂಟ್ ಆದಾಗ ಸೇವೆಗಳನ್ನು ಶುರುಮಾಡುವ ಪ್ರೋಗ್ರಾಂ), ಬೇಕಾದ ಪಾರ್ಟಿಷನ್ ಇಟ್ಟುಕೊಂಡು ಸೋರ್ಸ್‌ನಿಂದ ಕಟ್ಟಿಕೊಂಡಿರುತ್ತಾರೆ, ಹಾಗಾಗಿ ಒಂದು ಡೈರೆಕ್ಟರಿ ಜಾಗ ಬದಲಾದರೆ ಯಾರ ಮೆಷಿನ್‌ನಲ್ಲಿ ಏನು ಮುರಿಯುತ್ತದೆ ಅಂತ ಮೊದಲೇ ಹೇಳೋದು ಕಷ್ಟ.

ವಿರೋಧಿಸುವವರ ಮಾತಿನಲ್ಲಿ ಗಟ್ಟಿಯಾದದ್ದು ಒಂದೇ: /ಯುಎಸ್‌ಆರ್ ಬೇರೆ ಪಾರ್ಟಿಷನ್‌ನಲ್ಲಿದ್ದು, ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಶುರುವಿನಲ್ಲಿ ಮೆಮೊರಿಯಲ್ಲಿ ಬರುವ ಪುಟ್ಟ ಫೈಲ್‌ಸಿಸ್ಟಮ್) ಇಲ್ಲದೆ ಬೂಟ್ ಮಾಡುವವರ ಗತಿ ಏನು? ಆದರೆ ಆ ಜೋಡಣೆಗೆ ಬೆಂಬಲ ಇಲ್ಲ ಅಂತ ಜೆಂಟೂ 2013ರಲ್ಲೇ ತಿಳಿಸಿತ್ತು. ಉಳಿದದ್ದರಲ್ಲಿ ಜಾಸ್ತಿ ಅಭ್ಯಾಸದ ಪ್ರಶ್ನೆ.

ನನ್ನನ್ನು ವಿಲೀನದ ಕಡೆ ತಂದದ್ದು ಇಬಿಲ್ಡ್‌ಗಳು, ಅಂದರೆ ಪ್ಯಾಕೇಜನ್ನು ಹೇಗೆ ಕಟ್ಟಬೇಕು ಅಂತ ಹೇಳುವ ಜೆಂಟೂ ಸ್ಕ್ರಿಪ್ಟ್‌ಗಳು. ಲೈಬ್ರರಿ /ಲಿಬ್64ರಲ್ಲಿ, ಸ್ಟ್ಯಾಟಿಕ್ ಫೈಲ್ /ಯುಎಸ್‌ಆರ್/ಲಿಬ್64ರಲ್ಲಿ ಇದ್ದಾಗ ಲಿಂಕರ್ (ಪ್ರೋಗ್ರಾಂಗೆ ಲೈಬ್ರರಿ ಜೋಡಿಸುವ ಟೂಲ್) ತಪ್ಪಾದದ್ದನ್ನು ಎತ್ತಿಕೊಳ್ಳಬಾರದು ಅಂತ, ಪುಟ್ಟ ಲಿಂಕರ್ ಸ್ಕ್ರಿಪ್ಟ್ ಹುಟ್ಟಿಸುವ ಒಂದು ಫಂಕ್ಷನ್ನನ್ನೇ ಇಟ್ಟುಕೊಳ್ಳಬೇಕಾಗಿತ್ತು. ಅದೂ ಸಾಲದೆ, ಯಾವ ಬೈನರಿ ರೂಟ್‌ಗೆ ಹೋಗಬೇಕು, ಯಾವುದು /ಯುಎಸ್‌ಆರ್‌ಗೆ ಅಂತ ಒಬ್ಬೊಬ್ಬ ನಿರ್ವಾಹಕರೂ ತೀರ್ಮಾನ ಮಾಡುತ್ತಿರಬೇಕು. ಸಂಬಳ ಇಲ್ಲದೆ ದುಡಿಯುವವರ ಮೇಲೆ ಇದನ್ನೆಲ್ಲ ಎಷ್ಟು ದಿನ ಹೊರಿಸೋದು ಹೇಳಿ.

ಸರಿ, ನನ್ನ ಮೆಷಿನ್‌ನಲ್ಲೇ ಮಾಡಿದೆ. ಮೊದಲು ಪೂರ್ತಿ ಬ್ಯಾಕಪ್. ಆಮೇಲೆ /ಬಿನ್ ಮತ್ತು /ಯುಎಸ್‌ಆರ್/ಬಿನ್ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಎರಡೂ ಕಡೆ ಇರುವ ಹೆಸರುಗಳನ್ನು ಹುಡುಕಿದೆ. ಹೆಚ್ಚಿನವು ಸಿಮ್‌ಲಿಂಕ್, ಅಂದರೆ ಇನ್ನೊಂದು ಜಾಗವನ್ನು ತೋರಿಸುವ ಕೊಂಡಿ, ತೊಂದರೆ ಇಲ್ಲ. ಜೆಂಟೂನ ಪ್ಯಾಕೇಜ್ ಮ್ಯಾನೇಜರ್ ಪೋರ್ಟೇಜ್ ಲೆಕ್ಕಕ್ಕೇ ಸಿಗದ, ಕೈಯಾರೆ ಇನ್‌ಸ್ಟಾಲ್ ಆದ ಫೈಲ್‌ಗಳನ್ನು ಮಾತ್ರ /ಯುಎಸ್‌ಆರ್/ಲೋಕಲ್‌ಗೆ ಸರಿಸಿದೆ. ಮರ್ಜ್-ಯುಎಸ್‌ಆರ್ ಅನ್ನುವ ಟೂಲ್ ಇದೆ, ಅದನ್ನು ಡ್ರೈ-ರನ್‌ನಲ್ಲಿ (ಏನೂ ಬದಲಿಸದೆ, ಏನು ಮಾಡುತ್ತದೆ ಅಂತ ಮಾತ್ರ ತೋರಿಸುವಂತೆ) ಓಡಿಸಿ, ಬರೆದದ್ದನ್ನು ಸಾಲು ಸಾಲಾಗಿ ಓದಿ, ಆಮೇಲೆ ನಿಜವಾಗಿ ಓಡಿಸಿದೆ. ಬೇಗ ಮುಗಿಯಿತು. ಈಗ /ಬಿನ್ ಬರೀ ಸಿಮ್‌ಲಿಂಕ್, ಅದೂ ‘ಯುಎಸ್‌ಆರ್/ಬಿನ್’ ಅಂತ, ಮುಂದೆ ಸ್ಲ್ಯಾಷ್ ಇಲ್ಲದೆ. ಇದು ಸಣ್ಣ ವಿಷಯ ಅಲ್ಲ. ರೆಸ್ಕ್ಯೂ ಡಿಸ್ಕ್‌ನಿಂದ ಬೂಟ್ ಮಾಡಿ ಈ ರೂಟನ್ನು ಬೇರೆಲ್ಲೋ ಮೌಂಟ್ ಮಾಡಿದಾಗ, ಸ್ಲ್ಯಾಷ್ ಇದ್ದಿದ್ದರೆ ಲಿಂಕ್ ರೆಸ್ಕ್ಯೂ ಡಿಸ್ಕ್‌ನ ಫೈಲ್‌ಗಳನ್ನೇ ತೋರಿಸುತ್ತಿತ್ತು.

ಮುಂದೆ ಪ್ರೊಫೈಲ್ (ಸಿಸ್ಟಮ್‌ನ ಮೂಲ ಸೆಟ್ಟಿಂಗ್‌ಗಳ ಕಟ್ಟು) ಬದಲಿಸಿ, ಯೂಸ್ ಫ್ಲ್ಯಾಗ್ ಬದಲಾದವನ್ನು ಮತ್ತೆ ಕಟ್ಟುವ ನ್ಯೂಯೂಸ್ ಆಯ್ಕೆ ಹಾಕಿ ವರ್ಲ್ಡ್ ಅಪ್‌ಡೇಟ್ (ಇಡೀ ಸಿಸ್ಟಮ್‌ನದು), ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿದ್ದು, ರೀಬೂಟ್. ಹೆಚ್ಚು ಹೊತ್ತು ಹಿಡಿದದ್ದು ಕಂಪೈಲ್‌ಗೆ ಮಾತ್ರ.

ಇನಿಟ್ ಆಗಿ ಸಿಸ್ಟಂಡಿ ಬಳಸುವವರಿಗೆ ಈಗ ಬೇರೆ ದಾರಿ ಇಲ್ಲ, 255ನೇ ಆವೃತ್ತಿಯಿಂದ ಹಳೆಯ ಜೋಡಣೆಗೆ ಬೆಂಬಲ ಹೋಗಿದೆ. ಇನ್ನೊಂದು ಇನಿಟ್ ಆದ ಓಪನ್‌ಆರ್‌ಸಿ ಬಳಸುವವರಿಗೆ 2024ರಲ್ಲಿ ಬಂದ 23.0 ಪ್ರೊಫೈಲ್‌ಗಳಲ್ಲೂ ಸ್ಪ್ಲಿಟ್-ಯುಎಸ್‌ಆರ್, ಅಂದರೆ ವಿಲೀನ ಮಾಡದ ಹಳೆಯ ಜೋಡಣೆ, ಇದೆ. ಅದನ್ನು ನೋಡಿಕೊಳ್ಳುವವರು ಇರುವ ತನಕ ತೆಗೆಯಬೇಡಿ ಅಂತಲೇ ನಾನು ಈಗಲೂ ವಾದಿಸುತ್ತೇನೆ. ಆದರೆ ಉಳಿಸಿ ಅನ್ನುವವರು ಸುಮ್ನೆ ಯುನಿಕ್ಸ್ ಸಂಪ್ರದಾಯ ಅಂದರೆ ಸಾಲದು, ತಮ್ಮ ಎಫ್‌ಎಸ್‌ಟ್ಯಾಬ್ (ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಫೈಲ್) ತೋರಿಸಿ, ವಿಲೀನ ಮಾಡಿದರೆ ಯಾವ ಹಂತದಲ್ಲಿ ಬೂಟ್ ನಿಲ್ಲುತ್ತದೆ ಅಂತ ಹೇಳಬೇಕು. ಹಾಗೆ ಹೇಳಿದ ಬಗ್‌ಗಳನ್ನು ಸರಿಮಾಡೋಕೆ ನಾನೂ ಕೈ ಹಾಕುತ್ತೇನೆ.