ಭಾನುವಾರ ಸಿಯೆನಾದಿಂದ ಸಾನ್ ಜಿಮಿನ್ಯಾನೊ ತಲುಪಿದ ಬಗೆ

ಇಟಲಿಯ ಟಸ್ಕನಿಯ ಪುಟ್ಟ ಊರಾದ ಸಾನ್ ಜಿಮಿನ್ಯಾನೊಗೆ ರೈಲಿಲ್ಲ, ಬಸ್ಸೇ ಗತಿ. ಹತ್ತಿರದ ಸಿಯೆನಾ ನಗರದಿಂದ 130ನೇ ನಂಬರಿನ ಬಸ್ ಪೊಜ್ಜಿಬೊನ್ಸಿ ಮಾರ್ಗವಾಗಿ ಹೋಗುತ್ತದೆ. ಆದರೆ ಭಾನುವಾರ ಬಸ್ಸುಗಳು ತೀರಾ ಕಡಿಮೆ. ಎಷ್ಟು ಹೊತ್ತು ಕಾದರೂ ನಮಗೆ ಸಿಗಲಿಲ್ಲ.

ವೇಳಾಪಟ್ಟಿಯ ತಲೆಸಾಲು ಓದಿದ ಮೇಲೆ ಗಂಟು ಬಿಚ್ಚಿತು. ‘ಫೆರಿಯಾಲೆ’ ಅಂತಿದ್ದರೆ ಸೋಮವಾರದಿಂದ ಶನಿವಾರ, ‘ಫೆಸ್ತಿವೋ’ ಅಂತಿದ್ದರೆ ಭಾನುವಾರ ಮತ್ತು ಹಬ್ಬದ ದಿನ. ‘ಸ್ಕೊಲಾಸ್ತಿಕೊ’ ಗುರುತಿನ ಬಸ್ ಶಾಲೆ ರಜೆಯಿದ್ದಾಗ ಓಡುವುದೇ ಇಲ್ಲ. ಹಾಗಾಗಿ ಕೈಲಾದರೆ ಈ ಊರನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.

ನಮಗೆ ಭಾನುವಾರವೇ ಹೋಗಬೇಕಿತ್ತು. ಸಿಯೆನಾದ ಹಳೇ ಊರಿನ ಗುಡ್ಡದಿಂದ ಉದ್ದನೆಯ ಎಸ್ಕಲೇಟರುಗಳ ಸಾಲಿನಲ್ಲಿ ಕೆಳಗಿನ ರೈಲು ನಿಲ್ದಾಣಕ್ಕೆ ಇಳಿದು, ಎಂಪೊಲಿ ಕಡೆಯ ರೈಲು ಹತ್ತಿ ಪೊಜ್ಜಿಬೊನ್ಸಿಯಲ್ಲಿ ಇಳಿದೆವು. ಅಲ್ಲಿ ನಿಲ್ದಾಣದ ಹೊರಗೇ 130 ಸಿಗುತ್ತದೆ. ದ್ರಾಕ್ಷಿ ತೋಟಗಳ ನಡುವೆ ತಿರುವು ದಾಟುತ್ತಿದ್ದಂತೆ ಸಾನ್ ಜಿಮಿನ್ಯಾನೊದ ಹೆಸರಾಂತ ಕಲ್ಲಿನ ಗೋಪುರಗಳು ಕಂಡವು. ಒಂದು ಕಾಲಕ್ಕೆ ಸುಮಾರು 70 ಇದ್ದವಂತೆ, ಈಗ ಉಳಿದಿರುವುದು 14. ನೋಡಲೇಬೇಕಾದ ಊರು!

ಇಳಿದ ಕೂಡಲೇ ವಾಪಸು ಬಸ್ಸಿನ ‘ಫೆಸ್ತಿವೋ’ ಸಾಲಿನ ಫೋಟೊ ತೆಗೆದುಕೊಳ್ಳಿ. ಟಿಕೆಟ್ ಮಾತ್ರ ಶನಿವಾರವೇ, ದೊಡ್ಡ ‘ಟಿ’ ಬೋರ್ಡಿನ ತಬಾಕ್ಕಿ (ಬಸ್ ಟಿಕೆಟನ್ನೂ ಮಾರುವ ತಂಬಾಕಿನ) ಅಂಗಡಿಯಲ್ಲಿ ಕೊಂಡಿಡಿ. ಭಾನುವಾರ ಅವುಗಳಲ್ಲಿ ಎಷ್ಟೋ ಬಾಗಿಲು ಹಾಕಿರುತ್ತವೆ.