ಸುಣ್ಣ ಬಿದ್ದ ಕಣ್ಣಿಗೆ ಹೊಲಿಗೆ ಇಲ್ಲದೆ ಆಮ್ನಿಯಾನ್: ನನ್ನ ಅನುಭವ

ಎಲೆ-ಅಡಿಕೆ ಸುಣ್ಣದ ಪ್ಯಾಕೆಟ್ ಹಿಸುಕಿ ಕಣ್ಣು ಸುಟ್ಟುಕೊಂಡ ಮಕ್ಕಳು ನಮ್ಮ ಕಡೆ ಜಾಸ್ತಿ. ತೊಳೆಯುವುದು, ರೆಪ್ಪೆ ಮಗುಚಿ ಸುಣ್ಣದ ಚೂರು ತೆಗೆಯುವುದು, ಡ್ರಾಪ್ಸ್, ಎಲ್ಲ ನಿಮಗೆ ಗೊತ್ತಿರುವುದೇ.

ಆಮೇಲೆ ಸುಟ್ಟ ಕಣ್ಣಿನ ಮೇಲೆ ಹೊದಿಸುವುದು ಆಮ್ನಿಯಾನ್, ಅಂದರೆ ಮಾಸಿನ ಒಳಪೊರೆ. ಮೊದಮೊದಲು ಈ ಪೊರೆಯನ್ನು ಎಲ್ಲರಂತೆ 10-0 ನೈಲಾನ್ ಎಂಬ ತೀರ ಸಣ್ಣ ದಾರದಲ್ಲಿ ಹೊಲಿಯುತ್ತಿದ್ದೆ. ಊದಿ ಮೆತ್ತಗಾದ ಕಂಜಂಕ್ಟೈವಾದಲ್ಲಿ (ಕಣ್ಣಿನ ಬಿಳಿಯ ಮೇಲಿನ ತೆಳು ಪದರ) ಹೊಲಿಗೆ ಎಲ್ಲಿ ನಿಲ್ಲುತ್ತದೆ? ನಾಲ್ಕೈದು ದಿನಕ್ಕೆ ಪೊರೆ ಸುರುಳಿಯಾಗಿ ಮೂಲೆ ಸೇರಿರುತ್ತಿತ್ತು. ಜೊತೆಗೆ ಅನೆಸ್ತೇಶಿಯಾದವರಿಗೆ ಕಾಯಬೇಕು, ಅಷ್ಟರಲ್ಲಿ ಒಳ್ಳೆಯ ಎರಡು ದಿನ ಹೋಗಿರುತ್ತದೆ. ಫೈಬ್ರಿನ್ ಗ್ಲೂ ಎಂಬ ಅಂಟು ಚೆನ್ನಾಗಿಯೇ ಹಿಡಿಯಿತು, ಆದರೆ ಕಿಟ್‌ಗೆ ಐದಾರು ಸಾವಿರ ಕೊಟ್ಟ ನೆನಪು. ಕೂಲಿಯವರ ಹತ್ತಿರ ಕೇಳುವುದು ಹೇಗೆ? ಪೊರೆ ಬಿಗಿದೇ ಬರುವ ಹೊರದೇಶದ ರೆಡಿಮೇಡ್ ರಿಂಗಿನ ಬೆಲೆ ಕೇಳಿ ಸುಮ್ಮನಾದೆ.

ಕೊನೆಗೆ ಕೈಹಿಡಿದಿದ್ದು ಡ್ರಿಪ್ ಸೆಟ್ಟಿನ ಟ್ಯೂಬ್. ದೊಡ್ಡವರಿಗೆ ಆರೇಳು ಸೆಂಟಿಮೀಟರ್ ಕತ್ತರಿಸಿ, ತುದಿ ಸೇರಿಸಿ ಬಳೆ ಮಾಡಿ, ಅದಕ್ಕೆ ಪೊರೆ ಬಿಗಿದು ರೆಪ್ಪೆಯೊಳಗೆ ಕೂರಿಸುವುದು. ಖರ್ಚು ಪೊರೆಯದ್ದು ಮಾತ್ರ, ಒಂದೂವರೆ-ಎರಡು ಸಾವಿರ. ಪೊರೆಯ ಯಾವ ಮಗ್ಗುಲು ಕೆಳಗೆ ಎಂದು ಜಗಳ ಆಡುವವರಿದ್ದಾರೆ; ನಾನು ಸ್ಪಾಂಜ್ ತಾಗಿಸಿದರೆ ಎಳೆ ಬರುವ ಅಂಟಂಟು ಮಗ್ಗುಲನ್ನೇ (ಸ್ಟ್ರೋಮಾ) ಕಣ್ಣಿಗೆ ತಾಗಿಸುತ್ತೇನೆ. ಬಳೆ ಜಾರದಂತೆ ರೆಪ್ಪೆಗೆ ಹಾಕುವ ಒಂದು ಕಟ್ಟು ಇದೆ, ಅದನ್ನು ನಮ್ಮ ಓಟಿಗೆ ಬಂದೇ ನೋಡಿ.

"ಹೊಲಿಯದೆ ನಿಲ್ಲಲ್ಲ ಡಾಕ್ಟ್ರೇ" ಎಂದವರೇ ಈಗ ಫೋನ್ ಮಾಡಿ ಟ್ಯೂಬಿನ ಅಳತೆ ಕೇಳುತ್ತಾರೆ! 2011ರ ದೆಹಲಿ ಏಮ್ಸ್ ಅಧ್ಯಯನ ತೋರಿಸಿ, ಕೊನೆಗೆ ದೃಷ್ಟಿಯಲ್ಲಿ ಲಾಭವಿಲ್ಲವಲ್ಲ ಎಂದವರೂ ಇದ್ದರು. ಸರಿ, ಆದರೆ ಮಧ್ಯಮ ಸುಟ್ಟಗಾಯದಲ್ಲಿ ಎಪಿಥೀಲಿಯಂ (ಕಣ್ಣಿನ ಮೇಲ್ಪದರ) ಬೇಗ ಮುಚ್ಚುತ್ತದೆ ಎಂದೂ ಅದರಲ್ಲೇ ಇದೆ ಅಲ್ವಾ? ನನ್ನ ಕೇಸ್‌ಗಳಲ್ಲೂ ಮಧ್ಯಮದವು ಹೆಚ್ಚುಕಡಿಮೆ ಎರಡು ವಾರದೊಳಗೆ ಮುಚ್ಚಿವೆ, ನೋವಂತೂ ಮರುದಿನವೇ ಇಳಿಯುತ್ತದೆ.

ನಮ್ಮದೇ ಹೆರಿಗೆ ವಾರ್ಡಿನ ಮಾಸು ಸುಮ್ನೆ ಹೋಗುತ್ತದೆ, ಅದನ್ನೇ ಬಳಸಿ ಎಂದರು ಕೆಲವರು. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಮಾಡಿ, ಮೈನಸ್ 80ರಲ್ಲಿಟ್ಟು ಕೊಡಲು ಐ ಬ್ಯಾಂಕ್ ಇರುವಾಗ ಆ ಉಸಾಬರಿ ಬೇಡ. ಒಣ ಪೊರೆಯನ್ನೂ ನೋಡಿದೆ. ಐಸ್‌ನ ಗೋಳಿಲ್ಲ, ಆದರೆ ನೆನೆಸಿದ ಮೇಲೆ ಮಗ್ಗುಲು ಗುರುತಿಸಲು ನನಗೆ ಕಷ್ಟವಾಯಿತು. ಟೆರಿಜಿಯಂಗೂ (ಕಣ್ಣಿನ ಬಿಳಿಯಿಂದ ಕಪ್ಪುಗುಡ್ಡೆಯತ್ತ ಬೆಳೆಯುವ ಮಾಂಸ) ಪೊರೆ ಹಾಕಿದೆ, ಮತ್ತೆ ಮತ್ತೆ ಬೆಳೆಯಿತು. ಅದಕ್ಕೆ ರೋಗಿಯ ಸ್ವಂತ ಕಂಜಂಕ್ಟೈವಾನೇ ಸರಿ.

ಲಿಂಬಸ್ (ಕಪ್ಪುಗುಡ್ಡೆಯ ಸುತ್ತಿನ ಅಂಚು) ಪೂರ್ತಿ ಬೆಳ್ಳಗಾದ ಕಣ್ಣಿನಲ್ಲಿ ಇದರಿಂದ ಪವಾಡ ಆಗಲ್ಲ. ಅಂಥವರಿಗೆ ಬಳೆ ಹಾಕಿ ಉರಿಯೂತ ಇಳಿಸಿ, ಆಮೇಲೆ ಸ್ಲೆಟ್‌ಗೆ (ಲಿಂಬಸ್‌ನ ಜೀವಕೋಶ ಕಸಿ ಮಾಡುವ ಆಪರೇಷನ್) ಕಳಿಸುತ್ತೇನೆ.