ಸ್ಟೆಬಿಲಿಟಿ ಕಂಟ್ರೋಲ್ ಕೈಕೊಟ್ಟರೆ, ದುಡ್ಡು ಬಿಚ್ಚೋ ಮುಂಚೆ

ಡ್ಯಾಶ್‌ಬೋರ್ಡಲ್ಲಿ ಜಾರೋ ಕಾರಿನ ಹಳದಿ ಚಿತ್ರ ಹತ್ತಿಕೊಂಡು ಆರದಿದ್ದರೆ, ಗಾಡಿ ಜಾರದಂತೆ ತಡೆಯೋ ಸ್ಟೆಬಿಲಿಟಿ ಕಂಟ್ರೋಲಲ್ಲಿ ತೊಂದರೆ ಅಂತ ಅರ್ಥ. ಗಾಬರಿ ಬೇಡ, ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಹಿಡಿಯುತ್ತೆ. ಕೆಂಪು ಬ್ರೇಕ್ ದೀಪವೂ ಬಂದರೆ ಮಾತ್ರ ಓಡಿಸಬೇಡಿ, ಟೋ ಮಾಡಿಸಿ.

ನನಗೆ ಸರ್ವಿಸ್ ಸೆಂಟರಿನವರು "ಮಾಡ್ಯೂಲ್ ಹೋಗಿದೆ ಸಾರ್, ವಾರಂಟಿ ಇಲ್ಲ" ಅಂತ ಎಸ್ಟಿಮೇಟ್ ಕೈಗಿಟ್ಟರು. ನೋಡಿ ತಲೆ ಗಿರ್ರಂತು. ಮಾಡ್ಯೂಲ್ ಅಂದರೆ ಈ ವ್ಯವಸ್ಥೆ ನಡೆಸೋ ಎಲೆಕ್ಟ್ರಾನಿಕ್ ಯೂನಿಟ್. ಇಂಥ ಹೊತ್ತಲ್ಲಿ ಮೊದಲು ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಕೇಳಿ. ಅದರಲ್ಲಿ 'ಸಿ' ಅಕ್ಷರದಿಂದ ಶುರುವಾಗೋ ದೋಷದ ಕೋಡ್‌ಗಳು ಚಕ್ರದ ಸ್ಪೀಡ್ ಸೆನ್ಸರ್, ಸ್ಟೀರಿಂಗ್ ಆ್ಯಂಗಲ್ ಸೆನ್ಸರ್, ಪಂಪ್ ಮೋಟಾರ್, ಯಾವುದರ ತಕರಾರು ಅಂತ ತೋರಿಸುತ್ತವೆ. ಬ್ಯಾಟರಿ ವೀಕ್ ಆದರೂ ಇದೇ ದೀಪ ಬರಬಹುದು. ನಮ್ಮೂರ ಮಳೆನೀರಲ್ಲಿ ಮುಳುಗೆದ್ದ ಗಾಡಿಯಾದರೆ ಚಕ್ರದ ಹಿಂದಿನ ಕನೆಕ್ಟರ್ ಬಿಚ್ಚಿಸಿ ನೋಡಿ. ಪಿನ್ ಮೇಲೆ ಹಸಿರು ಕಿಲುಬು ಕೂತಿದ್ದರೆ ಅದೇ ಕಳ್ಳ.

ನನ್ನದರಲ್ಲಿ ಮಾಡ್ಯೂಲೇ ಹೋಗಿತ್ತು. ಸರ್ವಿಸ್ ಹಿಸ್ಟರಿ ಸಮೇತ ಕಂಪನಿಗೇ ಗುಡ್‌ವಿಲ್ (ವಾರಂಟಿ ಇಲ್ಲದಿದ್ದರೂ ಕಂಪನಿ ತಾನಾಗೇ ಕೊಡೋ ನೆರವು) ಕೇಳಿ ಈಮೇಲ್ ಹಾಕಿದೆ. ಪಾರ್ಟಿನ ದುಡ್ಡಲ್ಲಿ ಒಂದು ಪಾಲು ಅವರೇ ಹೊತ್ತರು. ಕಂಪನಿ ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಮಾಡ್ಯೂಲ್ ಒಳಗಿನ ಬೋರ್ಡ್ ರಿಪೇರಿ ಮಾಡೋರೂ ಇದ್ದಾರೆ, ಲಿಖಿತ ಗ್ಯಾರಂಟಿ ಕೊಟ್ಟರೆ ಮಾತ್ರ ಒಪ್ಪಿ. ಬೆಂಗಳೂರಿನ ಜೆಸಿ ರೋಡಲ್ಲಿ ಪಾರ್ಟ್ ವಿಚಾರಿಸೋರು ಹಳೇದರ ಪಾರ್ಟ್ ನಂಬರ್ ಫೋಟೋ ಇಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಬ್ರೇಕ್ ಭಾಗಕ್ಕೆ ನನ್ನ ಮನಸ್ಸಂತೂ ಒಪ್ಪಲ್ಲ.

ಹೊಸದು ಕೂರಿಸಿದ ಮೇಲೆ ಕೋಡಿಂಗ್ (ಅದನ್ನ ನಿಮ್ಮ ಗಾಡಿಗೆ ಹೊಂದಿಸೋದು), ಸ್ಕ್ಯಾನರ್ ಹಾಕಿ ಬ್ರೇಕ್ ಬ್ಲೀಡಿಂಗ್ (ಬ್ರೇಕ್ ಪೈಪಿನ ಗಾಳಿ ತೆಗೆಯೋದು), ಎರಡೂ ಬಿಲ್ಲಲ್ಲಿ ಬರೆಸಿ.